ತೇಗಿಗೆ ಮೂರು ಪಟ್ಟು

ಹಸುಗೂಸಿಗೆ ತೇಗು ಬರಿಸಲು ಮೂರು ಪಟ್ಟುಗಳಿವೆ: ಹೆಗಲಿಗೆ ಹಾಕಿಕೊಳ್ಳುವುದು, ತೊಡೆಯ ಮೇಲೆ ಕೂರಿಸುವುದು, ತೊಡೆಗೆ ಅಡ್ಡವಾಗಿ ಬೋರಲು ಮಲಗಿಸುವುದು. ಊರೆಲ್ಲ ಹೆಗಲನ್ನೇ ಮೆಚ್ಚುತ್ತದೆ. ನನ್ನ ಓಟು ಎರಡನೆಯದಕ್ಕೆ. ಮಗುವನ್ನು ತೊಡೆಯ ಮೇಲೆ ಪಕ್ಕಕ್ಕೆ ಕೂರಿಸಿ, ಅಂಗೈಯನ್ನು ಎದೆಗೆ ಆನಿಸಿ, ಅದೇ ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಗದ್ದ ಹಿಡಿಯಬೇಕು. ಗದ್ದವನ್ನೇ, ಗಂಟಲನ್ನು ಒತ್ತಕೂಡದು. ಮೈ ತುಸು ಮುಂದಕ್ಕೆ ಬಾಗಿರಲಿ. ಇನ್ನೊಂದು ಕೈ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರುತ್ತ ನಡುನಡುವೆ ಮೆಲ್ಲಗೆ ತಟ್ಟಲಿ. ಮುಖ ಕಣ್ಣೆದುರಿಗೇ ಇರುವುದು ಈ ಪಟ್ಟಿನ ಸೊಗಸು. ಹುಬ್ಬು ಗಂಟಿಕ್ಕುತ್ತದೆ, ತುಟಿ ಸೊಟ್ಟಗಾಗುತ್ತದೆ, ಆಮೇಲೆ ಹಬ್ಬದೂಟ ಮುಗಿಸಿದ ಯಜಮಾನರಂಥ ಒಂದು ತೇಗು! ಐದು ನಿಮಿಷವಾದರೂ ಬರಲಿಲ್ಲವೇ, ಬಿಟ್ಟುಬಿಡಿ. ಗಾಳಿ ನುಂಗದ ಕೂಸು ತೇಗುವುದೆಲ್ಲಿಂದ?

ಅಳುವೆಲ್ಲ ವಾಯುವಿನದೇ ಎಂಬ ನಮ್ಮ ಹಿರಿಯರ ತೀರ್ಪನ್ನು ಮಾತ್ರ ನಾನು ಒಪ್ಪಲಾರೆ. ಅತ್ತಷ್ಟೂ ಗಾಳಿ ಒಳಗೆ ಹೋಗುತ್ತದೆ. ಎಷ್ಟೋ ಸಲ ಹೊಟ್ಟೆಯುಬ್ಬರ ಅಳುವಿನ ಫಲ, ಕಾರಣವಲ್ಲ. ಆರೋಗ್ಯವಂತ ಶಿಶುವಿನ ರಚ್ಚೆ ಎರಡನೇ ವಾರದ ಸುಮಾರಿಗೆ ಶುರುವಾಗಿ, ಆರನೇ ವಾರದ ಹೊತ್ತಿಗೆ ತಾರಕಕ್ಕೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಅದೂ ಹೆಚ್ಚಾಗಿ ಮುಸ್ಸಂಜೆಗೆ. ಹಾಗಾಗಿಯೇ ನಮ್ಮಲ್ಲಿ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವುದು. ಆ ಹೊಗೆ ಕೂಸಿನ ಮೂಗಿಗೆ ಬಾರದಿದ್ದರೆ ನನ್ನದೇನೂ ತಕರಾರಿಲ್ಲ.

ತಕರಾರಿರುವುದು ಬಾಯಿಗೆ ಹಾಕುವುದರ ಬಗ್ಗೆ. ಬಜೆಯ ಬೇರನ್ನು ಸುಟ್ಟು, ಕಲ್ಲಿನ ಮೇಲೆ ಒಂದು ಸುತ್ತು ತೇಯ್ದು ನಾಲಿಗೆಗೆ ಸವರುವ ಅಜ್ಜಿಯರ ಕೈಚಳಕ ನೋಡಲು ಚಂದ. ಆದರೆ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು. ಅದರಲ್ಲಿರುವ ಅಸರೋನ್ ವಿಷಕಾರಿ. ಒಂದು ವರ್ಷದೊಳಗಿನ ಮಗುವಿಗೆ ಜೇನೂ ಸಲ್ಲದು, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ. ಇನ್ನು ಗ್ರೈಪ್ ವಾಟರ್. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಮೂಲ ಔಷಧದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜತೆಗೆ ಮದ್ಯಸಾರವೂ ಇತ್ತು. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಸೋಜಿಗವೇನು! ಈಗಿನದರಲ್ಲಿ ಅದಿಲ್ಲ, ಮೆಚ್ಚುವಂಥ ಗುಣವೂ ಇಲ್ಲ. ಹೊಟ್ಟೆಯ ಗಾಳಿಗೆಂದು ಕೊಡುವ ಸಿಮೆಥಿಕೋನ್ ಹನಿಗಳು ಕೂಡ ಪರೀಕ್ಷೆಗಳಲ್ಲಿ ಬರಿಯ ಸಿಹಿನೀರನ್ನು ಮೀರಿಸಿದ್ದು ಕಾಣೆ. ಆರು ತಿಂಗಳವರೆಗೆ ಎದೆಹಾಲು ಸಾಕು.

ಕೈಗೆ ಬೇರೆ ಕೆಲಸಗಳಿವೆ. ಹಾಲೂಡಿದ ಕೂಡಲೇ ಅಲ್ಲ, ಸ್ವಲ್ಪ ಬಿಟ್ಟು, ಅಂಗಾತ ಮಲಗಿಸಿ ಮೊಣಕಾಲುಗಳನ್ನು ಒಂದೊಂದಾಗಿ ಹೊಟ್ಟೆಯತ್ತ ಮಡಚಿ ಬಿಡಿ, ಹೂಸು ಹೊರಬಂದೀತು. ಎತ್ತಿಕೊಂಡು ಅಡ್ಡಾಡಿ. ಬೋರಲು ಹಾಕುವುದು ಎಚ್ಚರವಿದ್ದಾಗ ಮಾತ್ರ, ನಿದ್ದೆಗೆ ಯಾವತ್ತೂ ಅಂಗಾತವೇ. ತಾಳ್ಮೆ ತಪ್ಪಿದರೆ ತೊಟ್ಟಿಲಲ್ಲಿ ಮಲಗಿಸಿ ಹತ್ತು ನಿಮಿಷ ಪಕ್ಕದ ಕೋಣೆಗೆ ಹೋಗಿ. ಮಗುವನ್ನು ಕುಲುಕಿದರೆ ಮಿದುಳಿಗೆ ಪೆಟ್ಟು.

ಹಸಿರು ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಬಿಗಿದ ಹೊಟ್ಟೆ, ಹಾಲು ಬೇಡವೆನ್ನುವ ಮಂಪರು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ: ಇವುಗಳಲ್ಲಿ ಯಾವುದೇ ಒಂದು ಕಂಡರೂ ಮನೆಮದ್ದಿನ ಚರ್ಚೆ ಬೇಡ, ನಡುರಾತ್ರಿಯಾದರೂ ಆಟೋ ಹಿಡಿಯಿರಿ.