ಟೈರು ಓದುವ ಅಂಗೈ

ಒಳ್ಳೆಯ ಅಲೈನ್‌ಮೆಂಟ್ ಮೆಕ್ಯಾನಿಕ್ ಯಂತ್ರದ ಪರದೆ ನೋಡುವ ಮೊದಲು ಮುಂದಿನ ಟೈರಿನ ಮೇಲೆ ಅಂಗೈ ಆಡಿಸುತ್ತಾರೆ. ಆ ಸ್ಪರ್ಶದ ವಿದ್ಯೆ ನನಗೆ ಬಲು ಇಷ್ಟ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದಂತೆ ಚುಚ್ಚಿದರೆ ಟೋ-ಇನ್, ಅಂದರೆ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು, ಹೆಚ್ಚಾಗಿದೆ. ಅದಕ್ಕೆ ತಿರುವುಮುರುವಾದರೆ ಟೋ-ಔಟ್. ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವ ಕೋನದ ಮೇಲೆ ಅನುಮಾನ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುಭಾಗ ಸವೆದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಬ್ಯಾಲೆನ್ಸಿಂಗ್ ತಪ್ಪಿರಬಹುದು.

ಇದಕ್ಕಿಂತ ದೊಡ್ಡದು ಅವರ ತಾಳ್ಮೆ. ಕಾರನ್ನು ಮೇಲೆತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬೇರಿಂಗ್ ಸಡಿಲವಾಗಿವೆಯೇ ಎಂದು ನೋಡದೆ ಅವರು ಟೋ ಮುಟ್ಟುವುದಿಲ್ಲ. ಕೀಲು ಸಡಿಲವಿದ್ದರೆ ಹೊಂದಿಸಿದ ಕೋನ ಓಡಾಟದಲ್ಲಿ ನಿಲ್ಲುವುದಿಲ್ಲ. ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಸಲೀಸಾಗಿ ಹೊಂದಿಸಬಹುದಾದದ್ದು ಟೋ ಒಂದೇ. ಕ್ಯಾಂಬರ್ ಕೆಟ್ಟಿದ್ದರೆ ಬಾಗಿದ ಅಥವಾ ಸವೆದ ಭಾಗವನ್ನೇ ಹುಡುಕಬೇಕು. ಟ್ರೆಡ್ ಆಳ 1.6 ಮಿ.ಮೀ.ಗೆ ಇಳಿದ ಟೈರನ್ನು ಯಾರು ಬೇಕಾದರೂ ಬದಲಿಸಿಯಾರು. ಹೊಸ ಟೈರೂ ಹಾಗೆಯೇ ಸವೆಯದಂತೆ ಕಾರಣ ಹಿಡಿಯುವ ಇಂಥವರಿಗೆ ಕೂಲಿಯ ಜೊತೆಗೆ ಗೌರವವೂ ಸಲ್ಲಬೇಕು.