ಎಂಟು ಮೆಟ್ಟಿಲು ಮತ್ತು ನಮ್ಮ ಬೀಸುವ ಕಲ್ಲು

ಬಿ.ಇಡಿ. ವಿದ್ಯಾರ್ಥಿಗಳು ಓದುವ ಶೈಕ್ಷಣಿಕ ಮನೋವಿಜ್ಞಾನದ ಗೈಡುಗಳನ್ನು ವಿಜಯಪುರದ ಯಾವುದೇ ಪುಸ್ತಕದಂಗಡಿಯಲ್ಲಿ ತಿರುವಿ ನೋಡಿ. ಪಿಯಾಜೆ, ಎರಿಕ್ಸನ್, ಕೋಲ್‌ಬರ್ಗ್ ಮೂವರೂ ಒಂದೊಂದು ಕೋಷ್ಟಕದೊಳಗೆ ಕೂತಿರುತ್ತಾರೆ. ಎಡಗಡೆ ವಯಸ್ಸು, ಬಲಗಡೆ ಹಂತ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಾಳೆ ಟಿಕೋಟಾ, ಬಬಲೇಶ್ವರದ ಶಾಲೆಗಳಲ್ಲಿ ನಿಂತು ಪಾಠ ಮಾಡುವವರು ಇವರೇ ಆದ್ದರಿಂದ ಈ ಕೋಷ್ಟಕದೊಂದಿಗೆ ನಾವು ಸ್ವಲ್ಪ ಜಗಳ ತೆಗೆಯಬೇಕಾಗಿದೆ.

ಎರಿಕ್ ಎರಿಕ್ಸನ್ ನಮಗೆ ಪ್ರಿಯನಾದ ವಿದ್ವಾಂಸ. ಕಥೆ ಬರೆಯುವವರಿಗೆ ಅವನು ಬೇಗ ಹಿಡಿಸುತ್ತಾನೆ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತನಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಅಮೆರಿಕದ ಪೌರನಾದಾಗ ‘ಎರಿಕ್ಸನ್’ ಎಂಬ ಅಡ್ಡಹೆಸರನ್ನು ತಾನೇ ಇಟ್ಟುಕೊಂಡ. ಅಂಥವನು ‘ನಾನು ಯಾರು’ ಎಂಬ ಪ್ರಶ್ನೆಯನ್ನು ಮನುಷ್ಯನ ಹರೆಯದ ನಟ್ಟನಡುವೆ ಇಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಲ್ಯದಲ್ಲೇ ಮನುಷ್ಯ ಬಹುಪಾಲು ರೂಪುಗೊಂಡುಬಿಡುತ್ತಾನೆಂದು ಫ್ರಾಯ್ಡ್ ಹೇಳಿದರೆ, 1950ರ ತನ್ನ ಗ್ರಂಥದಲ್ಲಿ ಎರಿಕ್ಸನ್ ತೊಟ್ಟಿಲಿನಿಂದ ಮುಪ್ಪಿನವರೆಗೆ ಎಂಟು ಹಂತಗಳನ್ನು ಗುರುತಿಸಿದ. ಪ್ರತಿ ಹಂತಕ್ಕೂ ಒಂದು ಬಿಕ್ಕಟ್ಟು. ಗಾಂಧೀಜಿಯ 1918ರ ಅಹಮದಾಬಾದ್ ಗಿರಣಿ ಮುಷ್ಕರವನ್ನೂ ಇದೇ ಕಣ್ಣಿನಿಂದ ನೋಡಿ 1969ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

ಐದನೆಯ ಹಂತವಾದ ಹರೆಯಕ್ಕೆ ಅವನು ‘ಮೊರಾಟೋರಿಯಂ’ ಎಂಬ ಮಾತು ಬಳಸುತ್ತಾನೆ. ಟಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸಾಲ ತೀರಿಸಲು ಸಿಗುವ ಬಿಡುವು. ಹಾಗೆಯೇ ಸಮಾಜ ಹರೆಯದವರಿಗೆ ಕೆಲವು ವರ್ಷ ಬಿಡುವು ಕೊಡುತ್ತದೆ: ಓದು, ಅಲೆದಾಡು, ತಪ್ಪು ಮಾಡು, ನೀನು ಯಾರೆಂದು ಗೊತ್ತು ಮಾಡಿಕೋ.

ನಮ್ಮ ಪ್ರಶ್ನೆ ಇಷ್ಟೇ. ಈ ಬಿಡುವು ಯಾರಿಗೆ ಸಿಗುತ್ತದೆ? ಹತ್ತನೆಯ ಇಯತ್ತೆಗೆ ಶಾಲೆ ಬಿಡಿಸಿ ನಿಶ್ಚಿತಾರ್ಥ ಮಾಡಿದ ಹುಡುಗಿಗೆ ಐದನೆಯ ಹಂತ ಬರುವುದೇ ಇಲ್ಲ. ನಿನ್ನೆ ವಿದ್ಯಾರ್ಥಿನಿ, ಇಂದು ಸೊಸೆ, ಬರುವ ವರ್ಷ ತಾಯಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ಅಂಥ ಮದುವೆ ಹುಟ್ಟಿನಿಂದಲೇ ಅಸಿಂಧು ಎನ್ನುವ ಕರ್ನಾಟಕದ ತಿದ್ದುಪಡಿಯೂ ಇದೆ. ಆದರೂ ನಿಂತಿಲ್ಲ. ಇದು ಒಂದೇ ಜಮಾತಿನ ಮಾತಲ್ಲ, ಎಲ್ಲ ಓಣಿಗಳದ್ದೂ ಹೌದು. ಆದರೆ ನಮ್ಮವರ ಮಾತನ್ನು ನಾವೇ ಆಡಬೇಕು.

ನಮ್ಮಲ್ಲಿ ಕೆಲವರು ‘ಬುಲೂಗ್’ ಆಯಿತು, ಇನ್ನೇನು ಎನ್ನುತ್ತಾರೆ. ಬುಲೂಗ್ ಎಂದರೆ ದೇಹ ಪ್ರೌಢವಾಗುವುದು. ಆದರೆ ಕುರ್‌ಆನಿನ ಅನ್ನಿಸಾ ಅಧ್ಯಾಯದ 6ನೇ ವಚನ ಅನಾಥರ ಆಸ್ತಿಯ ಬಗ್ಗೆ ಹೇಳುವಾಗ ಇನ್ನೊಂದು ಶಬ್ದ ಬಳಸುತ್ತದೆ: ರುಶ್ದ್, ಅಂದರೆ ವಿವೇಕದ ಪಕ್ವತೆ. ಮದುವೆಯ ವಯಸ್ಸಿಗೆ ಬಂದರಷ್ಟೇ ಸಾಲದು, ಪರೀಕ್ಷಿಸಿ ನೋಡಿ, ವಿವೇಕ ಕಂಡರೆ ಮಾತ್ರ ಆಸ್ತಿ ಒಪ್ಪಿಸಬೇಕು. ದೇಹದ ಬೆಳವಣಿಗೆ ಬೇರೆ, ಬುದ್ಧಿಯ ಬೆಳವಣಿಗೆ ಬೇರೆ ಎಂಬ ಈ ಅರಿವಿಗೆ ಪಿಯಾಜೆಯವರೆಗೆ ಕಾಯಬೇಕಾಗಿರಲಿಲ್ಲ. ನಾಲ್ಕು ಎಕರೆ ಹೊಲ ಒಪ್ಪಿಸಲು ರುಶ್ದ್ ಬೇಕು, ಒಂದು ಹುಡುಗಿಗೆ ಇಡೀ ಸಂಸಾರ ಒಪ್ಪಿಸಲು ಬೇಡವೇ? ನಮ್ಮ ಶುಕ್ರವಾರದ ಪ್ರವಚನಗಳಲ್ಲಿ ಈ ಪ್ರಶ್ನೆ ಅಪರೂಪ.

ಕೋಲ್‌ಬರ್ಗನ ಬಗ್ಗೆ ಹೆಚ್ಚು ಹೇಳುವುದು ಬೇಡ. ನೈತಿಕ ಬೆಳವಣಿಗೆಯ ಆರು ಹಂತಗಳನ್ನು ಆತ ಕಟ್ಟಿದ್ದು ಶಿಕಾಗೋದ ಹುಡುಗರನ್ನು ಕೇಳಿ, ಹುಡುಗಿಯರನ್ನಲ್ಲ. 1982ರಲ್ಲಿ ಕ್ಯಾರಲ್ ಗಿಲಿಗನ್ ಇದನ್ನು ಎತ್ತಿ ತೋರಿಸಿದರು. ಗೈಡುಗಳಲ್ಲಿ ಆಕೆಯ ಹೆಸರು ಹುಡುಕಿದರೂ ಕಷ್ಟ.

ಹೆಣ್ಣಿನ ಬದುಕಿನ ಹಂತಗಳನ್ನು ನಮ್ಮ ನೆಲ ದಾಖಲಿಸಿಲ್ಲವೇ? ಧಾರಾಳವಾಗಿ ದಾಖಲಿಸಿದೆ, ಆದರೆ ಹಾಡಿನಲ್ಲಿ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾಗಳಿವೆ. ಬೀಸುವಾಗ, ನೂಲುವಾಗ, ಕೂಸು ತೂಗುವಾಗ ಹಾಡುವಂಥವು. ಚಕ್ಕಿಯ ಹಿಡಿಕೆಯಲ್ಲಿ ಅಲಿಫ್ ಅಕ್ಷರವನ್ನು ಕಾಣುವ ಹಾಡುಗಳಿವು. ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ಇವುಗಳತ್ತ ಗಮನ ಸೆಳೆದರು. ಕನ್ನಡದ ಕಡೆಗೆ ಬಂದರೆ ನಮ್ಮ ಜಿಲ್ಲೆಯದೇ ಆದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಆ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರೆಂಬುದನ್ನು ನಾವು ಮರೆಯಬಾರದು. ತೊಟ್ಟಿಲು, ತವರು, ಅಣ್ಣ, ಗಂಡನ ಮನೆ, ಬಂಜೆತನದ ನೋವು ಎಲ್ಲವೂ ಅಲ್ಲಿವೆ. ಆದರೆ ತವರಿಗೂ ಗಂಡನ ಮನೆಗೂ ನಡುವೆ ಬಿಡುವು ಇಲ್ಲ. ಆ ಖಾಲಿ ಜಾಗವನ್ನೇ ತವರಿನ ಹಂಬಲವಾಗಿ ಅವರು ಆಯುಷ್ಯವಿಡೀ ಹಾಡಿದರೇನೋ ಎಂದು ನಮಗನಿಸುತ್ತದೆ.

ಎರಿಕ್ಸನ್‌ನ ಹೆಂಡತಿ ಜೋನ್ ತೊಂಬತ್ತು ದಾಟಿದ ಮೇಲೆ ಎಂಟಕ್ಕೆ ಒಂಬತ್ತನೆಯ ಹಂತ ಸೇರಿಸಿದರು. ಅದು 1997ರಲ್ಲಿ ಅಚ್ಚಾಯಿತು. ಇಳಿವಯಸ್ಸಿನಲ್ಲಿ ಹಿಂದಿನ ಬಿಕ್ಕಟ್ಟುಗಳೆಲ್ಲ ಮತ್ತೆ ಎದುರಿಗೆ ಬಂದು ನಿಲ್ಲುತ್ತವೆ ಎಂಬುದು ಆಕೆಯ ಮಾತು. ಗಂಡ ಕಟ್ಟಿದ ಮೆಟ್ಟಿಲುಗಳಿಗಿಂತ ಇದು ನಮಗೆ ಹೆಚ್ಚು ನಿಜವೆನಿಸುತ್ತದೆ. ತಪ್ಪಿಹೋದ ಹರೆಯ ಎಪ್ಪತ್ತರಲ್ಲಿ ಬರುವುದನ್ನು ನಾವು ನೋಡಿದ್ದೇವೆ. ಟಿಕೋಟಾದ ನಮ್ಮ ಹಿರಿಯ ಖಾಲಾ ಒಬ್ಬರು ಮೊಮ್ಮಗಳ ಪಾಟಿ ಕಸಿದುಕೊಂಡು ಅಕ್ಷರ ತಿದ್ದುತ್ತಿದ್ದರು. ಬಿ.ಇಡಿ. ಓದುವ ಮೊಮ್ಮಗ ಯಾವುದೋ ಪ್ರಾಜೆಕ್ಟಿಗೆಂದು ಅವರ ವಯಸ್ಸು ಕೇಳಿದ, ಎಡಗಡೆಯ ಸಾಲು ತುಂಬಬೇಕಲ್ಲ.

“ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ಮೊಲಿ ಕುಡೀತಿದ್ದ ಬೇಟಾ,” ಎಂದರು ಖಾಲಾ ತಲೆ ಎತ್ತದೆ. “ನೀನೇ ಲೆಕ್ಕ ಹಾಕಪಾ.”