ಅಂಚೆಚೀಟಿಗಳ ಫಲಕಸ್ಥಾನ ನಿರ್ಣಯ: ಒಂದು ವಿಮರ್ಶೆ

ಓಲೆಯ ಪ್ರತಿಗಳಲ್ಲಿ ಪಾಠಭೇದಗಳು ಸಹಜ, ಅಚ್ಚಿನ ಪ್ರತಿಗಳಾದರೋ ಎಲ್ಲವೂ ಏಕರೂಪ ಎಂಬುದು ಲೋಕದ ಸಾಮಾನ್ಯ ಭಾವನೆ. ಹತ್ತೊಂಬತ್ತನೆಯ ಶತಮಾನದ ಅಂಚೆಚೀಟಿಗಳನ್ನು ಪರಿಶೋಧಿಸಿದ ವಿದ್ವಾಂಸರು ಈ ಭಾವನೆಯು ಎಷ್ಟು ದುರ್ಬಲವೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಒಂದೇ ಹಾಳೆಯಲ್ಲಿ ಅಚ್ಚಾದ ನೂರಾರು ಚೀಟಿಗಳಲ್ಲಿ ಯಾವ ಎರಡೂ ಸರ್ವಾಂಶದಲ್ಲಿ ಸಮಾನವಾಗಿರಲಾರವು. ಆ ಅಲ್ಪಭೇದಗಳನ್ನು ಆಧರಿಸಿ, ಬಿಡಿಯಾಗಿ ದೊರೆತ ಚೀಟಿಯೊಂದು ಯಾವ ಅಚ್ಚಿನ ಫಲಕದಲ್ಲಿ, ಯಾವ ಸಾಲಿನ ಯಾವ ಮನೆಯಲ್ಲಿ ಹುಟ್ಟಿತೆಂದು ಹೇಳುವುದೇ ಫಲಕಸ್ಥಾನ ನಿರ್ಣಯ. ಈ ಶಾಸ್ತ್ರವು ಮುಂದಿಡುವ ಪ್ರಮಾಣಗಳು ಎಷ್ಟರಮಟ್ಟಿಗೆ ಪ್ರಮಾಣಗಳೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು 1840ನೆಯ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಒಂದು ಪೆನ್ನಿಯ ಕಪ್ಪು ಚೀಟಿಯನ್ನು ತೆಗೆದುಕೊಳ್ಳಬಹುದು. ರೋಲಂಡ್ ಹಿಲ್ಲನ ಅಂಚೆ ಸುಧಾರಣೆಯ ಫಲವಾಗಿ ಹೊರಟ ಈ ಚೀಟಿಯನ್ನು ಪರ್ಕಿನ್ಸ್, ಬೇಕನ್ ಮತ್ತು ಪೆಚ್ ಎಂಬ ಸಂಸ್ಥೆಯವರು ಮುದ್ರಿಸಿದರು. ಉಕ್ಕಿನ ಮೂಲಮುದ್ರೆಯಿಂದ ಚಿತ್ರವನ್ನು ಒಂದು ಉರುಳೆಗೆ ಒತ್ತಿ, ಆ ಉರುಳೆಯಿಂದ ಉಕ್ಕಿನ ಫಲಕದ ಮೇಲೆ 240 ಬಾರಿ ಇಳಿಸುತ್ತಿದ್ದರು. ಸಾಲಿಗೆ ಹನ್ನೆರಡರಂತೆ ಇಪ್ಪತ್ತು ಸಾಲುಗಳು. ಪ್ರತಿಯೊಂದು ಚಿತ್ರದ ಕೆಳಗಿನ ಎರಡು ಮೂಲೆಗಳಲ್ಲಿ ಇಂಗ್ಲಿಷಿನ ಎರಡು ಅಕ್ಷರಗಳಿರುವುವು: ಎಡಗಡೆಯದು ಸಾಲನ್ನೂ ಬಲಗಡೆಯದು ಸಾಲಿನೊಳಗಿನ ಸ್ಥಾನವನ್ನೂ ಹೇಳುತ್ತದೆ. ಮೊದಲನೆಯ ಚೀಟಿಯಲ್ಲಿ 'ಎ ಎ', ಕೊನೆಯದರಲ್ಲಿ 'ಟಿ ಎಲ್'. ಹೀಗಿರುವಲ್ಲಿ ಸ್ಥಾನವು ಚೀಟಿಯ ಮೇಲೆಯೇ ಬರೆದಿರುವುದರಿಂದ ಪರಿಶೋಧನೆಗೆ ಕೆಲಸವೇನೆಂದು ಕೇಳಬಹುದು. ಅಕ್ಷರಗಳು ಸ್ಥಾನವನ್ನು ತಿಳಿಸುತ್ತವೆಯೇ ಹೊರತು ಫಲಕವನ್ನು ತಿಳಿಸುವುದಿಲ್ಲ. ಕಪ್ಪು ಮಸಿಯಲ್ಲಿ ಹನ್ನೊಂದು ಫಲಕಗಳು ಬಳಕೆಯಾದುವು. ಅವುಗಳಲ್ಲಿ ಮೊದಲನೆಯದನ್ನು ಸವೆದ ಮೇಲೆ ಮತ್ತೆ ಒತ್ತಿ ಸರಿಪಡಿಸಿದುದರಿಂದ ಅದಕ್ಕೆ ಎರಡು ಅವಸ್ಥೆಗಳುಂಟು. ಹನ್ನೆರಡು ಅವಸ್ಥೆಗಳಲ್ಲಿ ಒಂದೊಂದಕ್ಕೂ 240ರಂತೆ ಪ್ರತ್ಯೇಕವಾಗಿ ಗುರುತಿಸಬೇಕಾದ ಚಿತ್ರಗಳು 2,880 ಆಗುತ್ತವೆ.

ಈ ಕಾರ್ಯಕ್ಕೆ ನೆರವಾದುದು ಮನುಷ್ಯನ ಕೈಯ ಅಸ್ಥಿರತೆ. ಮೂಲೆಯ ಅಕ್ಷರಗಳನ್ನು ಯಂತ್ರದಿಂದಲ್ಲ, ಕೈಯಿಂದ ಒಂದೊಂದಾಗಿ ಫಲಕಕ್ಕೆ ಹೊಡೆಯುತ್ತಿದ್ದರು. ಅಕ್ಷರವು ಒಂದು ಫಲಕದಲ್ಲಿ ತುಸು ಮೇಲಕ್ಕೂ ಮತ್ತೊಂದರಲ್ಲಿ ತುಸು ಓರೆಗೂ ಬಿದ್ದಿರುತ್ತದೆ. ಇದರೊಡನೆ ಚಿತ್ರವನ್ನು ಎರಡನೆಯ ಸಲ ಒತ್ತಿದಾಗ ಉಳಿಯುವ ಜೋಡಿಗೆರೆಗಳು, ಫಲಕದ ಗೀರುಗಳು, ಸವೆತ ಮೊದಲಾದುವುಗಳನ್ನು ಸೇರಿಸಿಕೊಂಡು 1922ರಲ್ಲಿ ಚಾರ್ಲ್ಸ್ ನಿಸ್ಸೆನ್ ಪ್ರಕಟಿಸಿದ ಗ್ರಂಥವು ಈ ಕ್ಷೇತ್ರದಲ್ಲಿ ಆಧಾರಗ್ರಂಥವಾಗಿ ನಿಂತಿತು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ನ್ಯಾಯವೇ. ಅಕ್ಷರದ ಓರೆಯನ್ನು ನೋಡಿ ಚೀಟಿಗಳನ್ನು ಒಂದು ಫಲಕಕ್ಕೆ ಸೇರಿಸಿ, ಅನಂತರ ಆ ಫಲಕದ ಲಕ್ಷಣವೇ ಅಂತಹ ಓರೆಯೆಂದು ಸಾಧಿಸಿದರೆ, ಅದು ಅನ್ಯೋನ್ಯಾಶ್ರಯ ದೋಷವಲ್ಲವೆ? ಈ ಆಕ್ಷೇಪಣೆಗೆ ಸಮಾಧಾನವು ಹೊರಗಿನಿಂದ ಬರಬೇಕು. ಅದು ಬಂದಿರುವುದು 1841ರ ಕೆಂಪು ಚೀಟಿಯಿಂದ. ಕಪ್ಪು ಚೀಟಿಯ ಮೇಲೆ ಒತ್ತಿದ ಕೆಂಪು ಮೊಹರನ್ನು ತೊಳೆದು ಚೀಟಿಯನ್ನು ಮತ್ತೆ ಬಳಸುವ ಭಯವಿದ್ದುದರಿಂದ, ಚೀಟಿಗೆ ಕೆಂಪು, ಮೊಹರಿಗೆ ಕಪ್ಪು ಎಂದು ಬಣ್ಣಗಳನ್ನು ಅದಲುಬದಲು ಮಾಡಿದರು. ಆದರೆ ಹಳೆಯ ಫಲಕಗಳನ್ನೆಲ್ಲ ಬಿಸುಡಲಿಲ್ಲ. ಮೊದಲನೆಯ ಫಲಕದ ಎರಡನೆಯ ಅವಸ್ಥೆ ಮತ್ತು 2, 5, 8, 9, 10, 11ನೆಯ ಫಲಕಗಳು ಕೆಂಪು ಮಸಿಯಲ್ಲಿಯೂ ದುಡಿದುವು. ಕಪ್ಪಿನಲ್ಲಿ ಕಂಡ ಅಕ್ಷರದ ಓರೆಯೂ ಗೀರೂ ಅದೇ ಮನೆಯ ಕೆಂಪು ಚೀಟಿಯಲ್ಲಿ ಕಾಣುವುದಾದರೆ, ಅದು ಮಸಿಯ ಅಥವಾ ಕಾಗದದ ಆಕಸ್ಮಿಕವಲ್ಲ, ಫಲಕದ್ದೇ ಲಕ್ಷಣವೆಂಬುದು ಸಿದ್ಧವಾಗುತ್ತದೆ. ನಡುವೆ ಫಲಕವನ್ನು ದುರಸ್ತು ಮಾಡಿದ್ದರೆ ಹೊಸ ಗುರುತುಗಳು ಕೂಡಿಕೊಳ್ಳಬಹುದು. ಅಕ್ಷರಗಳು ಮಾತ್ರ ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತವೆ.

ಮೂಲೆಯಲ್ಲಿ ಅಕ್ಷರಗಳೇ ಇಲ್ಲದ ಚೀಟಿಗಳಲ್ಲಿ ಕಾರ್ಯವು ಇನ್ನೂ ಕಠಿಣ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ 1851ರ ಮೂರು ಸೆಂಟಿನ ಚೀಟಿಯಲ್ಲಿ ಫಲಕವೂ ತಿಳಿಯದು, ಸ್ಥಾನವೂ ತಿಳಿಯದು. ವೈದ್ಯವೃತ್ತಿಯ ಕ್ಯಾರಲ್ ಚೇಸ್ ಎಂಬವರು ಇದರ 2,600 ಸ್ಥಾನಗಳನ್ನು ಪುನಾರಚಿಸಿ 1929ರಲ್ಲಿ ಗ್ರಂಥವನ್ನು ಹೊರಡಿಸಿದರು. ಅಂಚಿನ ಗೆರೆಗಳನ್ನು ಫಲಕದ ಮೇಲೆ ಕೈಯಿಂದ ಮತ್ತೆ ಕೊರೆದಿದ್ದುದು ಅವರಿಗೆ ದೊರೆತ ದೊಡ್ಡ ಸಾಧನ. ಮುಖ್ಯವಾದುದು ಅವರ ಕ್ರಮ. ಕತ್ತರಿಸದೆ ಉಳಿದ ಜೋಡಿಯೊಂದರಲ್ಲಿ ಒಂದನೆಯ ಮತ್ತು ಎರಡನೆಯ ಚೀಟಿಗಳೂ, ಇನ್ನೊಂದು ಜೋಡಿಯಲ್ಲಿ ಎರಡನೆಯ ಮತ್ತು ಮೂರನೆಯ ಚೀಟಿಗಳೂ ಇದ್ದರೆ, ನಡುವಣ ಚೀಟಿಯ ಬಲದಿಂದ ಮೂರೂ ಒಂದು ಸಾಲಾಗಿ ಕೂಡುತ್ತವೆ. ಆದಿಯಲ್ಲಿ ಕೆಲವು ಗರಿಗಳೂ ಅಂತ್ಯದಲ್ಲಿ ಕೆಲವು ಗರಿಗಳೂ ಲುಪ್ತವಾದ ಎರಡು ಓಲೆಯ ಪ್ರತಿಗಳನ್ನು ಸಮಾನವಾದ ಪದ್ಯಗಳ ಆಧಾರದಿಂದ ಹೊಂದಿಸುವ ಸಂಪಾದಕನ ಕ್ರಮವೂ ಇದೇ. ನೆರೆಯ ಸಂಬಂಧವು ರೂಪಸಾದೃಶ್ಯಕ್ಕಿಂತ ಬಲವತ್ತರವಾದ ಪ್ರಮಾಣ.

ಚಿತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಕೊರೆದ ಫಲಕಗಳಲ್ಲಿ ಸ್ಥಾನವನ್ನು ಗುರುತಿಸುವುದು ಸುಲಭ. ಮಾರಿಷಸ್ ದ್ವೀಪದಲ್ಲಿ ಬಾರ್ನಾರ್ಡನು ತಾಮ್ರದ ಫಲಕದ ಮೇಲೆ ಹನ್ನೆರಡು ಚಿತ್ರಗಳಂತೆ ಕೊರೆದ 1848ರ 'ಪೋಸ್ಟ್ ಪೇಡ್' ಚೀಟಿಗಳೂ, ನ್ಯೂ ಸೌತ್ ವೇಲ್ಸಿನ 1850ರ ಸಿಡ್ನಿ ನೋಟದ ಚೀಟಿಗಳೂ ಈ ಜಾತಿಯವು. ಮಾರಿಷಸಿನ ಎರಡು ಪೆನ್ನಿಯ ಫಲಕದ ಏಳನೆಯ ಸ್ಥಾನದಲ್ಲಿ 'ಪೆನ್ಸ್' ಎಂಬ ಪದದ 'ಸಿ' ಅಕ್ಷರದ ಬದಲು 'ಒ' ಬಿದ್ದಿದೆ. ಕೊರೆಯುವವನ ಈ ಒಂದು ಪ್ರಮಾದವೇ ಆ ಸ್ಥಾನದ ಶಾಶ್ವತ ಮುದ್ರೆಯಾಯಿತು. ಈ ಫಲಕಗಳು ಹಲವು ವರ್ಷ ಬಳಕೆಯಲ್ಲಿದ್ದು ಕ್ರಮಕ್ರಮವಾಗಿ ಸವೆದುದರಿಂದ, ಏಳನೆಯ ಸ್ಥಾನದ ಹಲವು ಚೀಟಿಗಳನ್ನು ಒತ್ತಾಗಿಟ್ಟು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಚ್ಚಾಯಿತೆಂದು ಹೇಳುವುದು ಸಾಧ್ಯ. ಸ್ಥಾನವು ನಿರ್ಣಯವಾಗದೆ ಈ ಕಾಲನಿರ್ಣಯವು ಆಗದು. ಬೇರೆ ಬೇರೆ ಸ್ಥಾನಗಳ ಚೀಟಿಗಳನ್ನು ಹೋಲಿಸಿದರೆ, ಕೊರೆತದ ಭೇದವನ್ನೇ ಸವೆತವೆಂದು ಭ್ರಮಿಸುವ ಅಪಾಯವುಂಟು.

ಭಾರತದ 1854ರ ಚೀಟಿಗಳಲ್ಲಿ ತೊಡಕು ಬೇರೆಯದು. ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ಥುಲಿಯರನ ಮೇಲ್ವಿಚಾರಣೆಯಲ್ಲಿ ಅರ್ಧಾಣೆ, ಒಂದಾಣೆ, ನಾಲ್ಕಾಣೆಯ ಚೀಟಿಗಳು ಕಲ್ಲಚ್ಚಿನಲ್ಲಿ ಮುದ್ರಿತವಾದುವು. ಕಲ್ಲಚ್ಚಿನಲ್ಲಿ ಮೂಲಮುದ್ರೆಯ ಚಿತ್ರವನ್ನು ಮೊದಲು ವಿಶೇಷವಾದ ಕಾಗದಕ್ಕೆ ತೆಗೆದು, ಅದರಿಂದ ಕಲ್ಲಿಗೆ ಇಳಿಸುತ್ತಾರೆ. ಹಾಗೆ ಇಳಿಸುವಾಗ ಹುಟ್ಟಿದ ದೋಷವು ಒಂದು ಸ್ಥಾನಕ್ಕೆ ಸೇರಿದುದು. ಮೂಲಮುದ್ರೆಯಲ್ಲಿಯೇ ಇದ್ದ ದೋಷವಾದರೆ ಹಾಳೆಯ ಎಲ್ಲ ಚೀಟಿಗಳಲ್ಲಿಯೂ ಬರುತ್ತದೆ. ಹಲವು ಚಿತ್ರಗಳ ಒಂದು ಗುಂಪನ್ನು ಮತ್ತೆ ಮತ್ತೆ ಇಳಿಸಿ ಕಲ್ಲನ್ನು ತುಂಬಿದ್ದರೆ, ಗುಂಪಿನಲ್ಲಿದ್ದ ದೋಷವು ಹಾಳೆಯಲ್ಲಿ ಅಷ್ಟೇ ಬಾರಿ ಮರುಕಳಿಸುತ್ತದೆ. ಇವುಗಳನ್ನು ವಿಂಗಡಿಸದೆ ದೋಷವನ್ನು ಕಂಡೊಡನೆಯೇ ಸ್ಥಾನವನ್ನು ಹೇಳುವವನು ಅತಿವ್ಯಾಪ್ತಿಗೆ ಗುರಿಯಾಗುವನು. ನಾಲ್ಕಾಣೆಯ ಚೀಟಿಯಲ್ಲಿ ಕೆಂಪು ಚೌಕಟ್ಟೂ ನೀಲಿಯ ತಲೆಯೂ ಬೇರೆ ಬೇರೆ ಕಲ್ಲುಗಳಿಂದ ಅಚ್ಚಾದುವು. ಪ್ರಸಿದ್ಧವಾದ 'ತಲೆಕೆಳಗಾದ ತಲೆ'ಯ ಚೀಟಿಯು ಇದರ ಫಲವೇ. ಆದುದರಿಂದ ಇಲ್ಲಿ ಚೌಕಟ್ಟಿನ ಸ್ಥಾನವೊಂದು, ತಲೆಯ ಸ್ಥಾನವೊಂದು ಎಂದು ಎರಡು ನಿರ್ಣಯಗಳು ಬೇಕು. ಮಾರ್ಟಿನ್ ಮತ್ತು ಸ್ಮಿಥೀಸ್ ಅವರು 1930ರಲ್ಲಿ ಈ ಚೀಟಿಯೊಂದಕ್ಕೇ ಒಂದು ಗ್ರಂಥವನ್ನು ಮೀಸಲಿಟ್ಟುದು ಅತಿಯಲ್ಲ.

ಇನ್ನೊಂದು ಅಪಾಯವು ಬೆಲೆಯ ಆಸೆಯಿಂದ ಬರತಕ್ಕುದು. 1864ರಿಂದ ಇಂಗ್ಲೆಂಡಿನ ಕೆಂಪು ಪೆನ್ನಿಯ ಚಿತ್ರದೊಳಗೆ ಫಲಕದ ಅಂಕಿಯನ್ನೂ ಸೇರಿಸಿದರು. ಇದರಿಂದ ಸ್ಥಾನವೂ ಫಲಕವೂ ಚೀಟಿಯ ಮೇಲೆಯೇ ಸ್ಪಷ್ಟವಾದುವು. ಆದರೆ 77ನೆಯ ಫಲಕವು ತಿರಸ್ಕೃತವಾಗಿ, ಅದರ ಕೆಲವೇ ಚೀಟಿಗಳು ಹೊರಬಿದ್ದು ಅತ್ಯಂತ ದುರ್ಲಭವಾದುವು. ಕೂಡಲೇ 177ನೆಯ ಫಲಕದ ಚೀಟಿಯಲ್ಲಿ ಮೊದಲನೆಯ ಅಂಕಿಯನ್ನು ಅಳಿಸಿ ಮಾರುವ ವಂಚನೆಯೂ ಹುಟ್ಟಿತು. ಮೊಹರು ಬಿದ್ದು ಆ ಅಂಕಿಯು ಮುಚ್ಚಿಹೋದಾಗ ಪ್ರಾಮಾಣಿಕನೂ ಮೋಸಹೋಗಬಹುದು. ಅಂಕಿಯು ಹೇಳುವುದನ್ನು ಅಕ್ಷರಗಳ ಸ್ಥಾನವೂ ಒಪ್ಪುತ್ತದೆಯೇ ಎಂದು ನೋಡುವುದೇ ಇದಕ್ಕೆ ಪರಿಹಾರ. ಬಾಯಿಬಿಟ್ಟು ಹೇಳುವ ಸಾಕ್ಷಿಗಿಂತ, ಸಾಕ್ಷಿಯಾಗಬೇಕೆಂದು ಯಾರೂ ಉದ್ದೇಶಿಸದ ಅಕ್ಷರದ ಓರೆಯು ಇಲ್ಲಿ ಹೆಚ್ಚು ನಂಬತಕ್ಕುದು.

ಇದಿಷ್ಟರಿಂದ ಮೂರು ನಿಯಮಗಳು ಸಿದ್ಧಿಸುತ್ತವೆ. ಒಂದು ಗುರುತು ಎರಡು ಸ್ವತಂತ್ರವಾದ ಚೀಟಿಗಳಲ್ಲಿ ಕಾಣದೆ ಫಲಕದ ಲಕ್ಷಣವೆನಿಸದು; ಒಂದೇ ಚೀಟಿಯಲ್ಲಿ ಕಂಡ ಚುಕ್ಕೆಯು ಮಸಿಯದೋ ಧೂಳಿನದೋ ಆಗಿರಬಹುದು. ಗುರುತು ಹುಟ್ಟಿದ ಹಂತವನ್ನು ತಿಳಿಯದೆ ಅದರಿಂದ ಸ್ಥಾನವನ್ನು ಊಹಿಸಲಾಗದು. ನೆರೆಯ ಚೀಟಿಯ ಅಥವಾ ಬೇರೊಂದು ಮುದ್ರಣದ ಸಮರ್ಥನೆಯಿಲ್ಲದ ನಿರ್ಣಯವನ್ನು ಸಂಭಾವನೆಯೆಂದೇ ಕರೆಯಬೇಕು.

ಸಾಹಿತ್ಯವನ್ನು ವ್ಯಾಸಂಗಮಾಡುವವರಿಗೆ ಇದು ಪರಕೀಯವಾದ ವಿಷಯವಲ್ಲ. ಎರಡು ಪ್ರತಿಗಳಲ್ಲಿ ಒಂದೇ ಅಪಪಾಠವಿದ್ದರೆ ಅವು ಒಂದೇ ಮಾತೃಕೆಯಿಂದ ಬಂದುವೆಂದು ಹೇಳುವುದೂ, ಎರಡು ಚೀಟಿಗಳಲ್ಲಿ ಒಂದೇ ಗೀರಿದ್ದರೆ ಅವು ಒಂದೇ ಸ್ಥಾನದಲ್ಲಿ ಹುಟ್ಟಿದುವೆಂದು ಹೇಳುವುದೂ ಒಂದೇ ತರ್ಕ. ಆದರೆ ಭೇದವನ್ನೂ ಮರೆಯಲಾಗದು. ಫಲಕವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲಾರದು. ಲಿಪಿಕಾರನಾದರೋ ತಪ್ಪೆಂದು ತೋರಿದುದನ್ನು ತನ್ನ ಬುದ್ಧಿಗೆ ತಕ್ಕಂತೆ ತಿದ್ದುತ್ತಾನೆ; 'ಪ'ಕಾರ 'ವ'ಕಾರಗಳನ್ನು ಇಬ್ಬರು ಲಿಪಿಕಾರರು ಪರಸ್ಪರ ಸಂಬಂಧವಿಲ್ಲದೆಯೇ ತಪ್ಪಾಗಿ ಓದಿರಲೂಬಹುದು. ಅಂಚೆಚೀಟಿಯ ಪರಿಶೋಧಕನಿಗೆ ಎರಡನೆಯ ಚೀಟಿಯಿಂದ ದೊರೆಯುವಷ್ಟು ನಿಶ್ಚಯವು ಗ್ರಂಥಸಂಪಾದಕನಿಗೆ ಹಲವು ಅಪಪಾಠಗಳು ಕೂಡಿದಲ್ಲದೆ ದೊರೆಯದು. ಅಲ್ಪವಾದ ಚೀಟಿಯೊಂದರ ವಿಷಯದಲ್ಲಿ ಇಷ್ಟು ಸಾಕ್ಷಿಯನ್ನು ಅಪೇಕ್ಷಿಸುವುದು ನ್ಯಾಯವಾದರೆ, ಕವಿಯ ಒಂದು ಪದವನ್ನು ತಿದ್ದುವಾಗ ಅದಕ್ಕಿಂತ ಕಡಿಮೆಯಾದುದರಿಂದ ತೃಪ್ತಿಪಡುವುದು ಸಂಪಾದಕರಿಗೆ ಸಲ್ಲದು.